ಗಾಳಿಯ ಮರೆಯ ಮಗ್ಗುಲು

ನವೆಂಬರ್ ಬಂತೆಂದರೆ ದುಬೈನ ಮಿರ್ದಿಫ್ ಬಡಾವಣೆಯ ಮನೆಗಳ ಮುಂದೆ ಶನಿವಾರ ನಸುಕಿಗೇ ಫೋರ್‌ವೀಲ್ ಗಾಡಿಗಳು ಸಜ್ಜಾಗುತ್ತವೆ. ಹತ್ತಾ ರಸ್ತೆ ಹಿಡಿದರೆ ಬಿಗ್ ರೆಡ್‌ನ ಕೆಂಪು ದಿಬ್ಬಗಳು, ಅದರಾಚೆ ಮ್ಲೇಹಾ. ಹೊರಡುವವರಿಗೆ ನನ್ನದು ಒಂದೇ ಮಾತು: ಹೋದ ಮಾರ್ಚ್‌ನ ನೆನಪನ್ನು ನಂಬಿ ಗಾಡಿ ಏರಿಸಬೇಡಿ. ಆಗ ನೋಡಿದ ದಿಬ್ಬ ಈಗಿಲ್ಲ.

ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಅದನ್ನು ಹೊಸದಾಗಿ ಕಟ್ಟಿರುತ್ತದೆ. ಗಾಳಿಗೆ ಎದುರಾದ ಮಗ್ಗುಲು 10–15 ಡಿಗ್ರಿಯದು. ಮೈತುಂಬ ಅಲೆಗೆರೆ, ನೆಲ ಗಟ್ಟಿ. ಮರೆಯ ಮಗ್ಗುಲಿನ ಸ್ವಭಾವವೇ ಬೇರೆ. ನೆತ್ತಿ ದಾಟಿದ ಮರಳು ಅಲ್ಲೇ ಉದುರಿ ಪೇರುತ್ತದೆ. ಇಳಿಜಾರು ಸುಮಾರು 34 ಡಿಗ್ರಿ ಮುಟ್ಟಿತೋ, ಮೊರದಿಂದ ಸುರಿದ ರಾಗಿರಾಶಿಯಂತೆ ಜಾರಿ, ಒಂದೆರಡು ಡಿಗ್ರಿ ತಗ್ಗಿ ನಿಲ್ಲುತ್ತದೆ. ಗಾಳಿ ಎದ್ದರೆ ಮತ್ತೆ ತುಂಬುತ್ತದೆ. ಎಷ್ಟು ನುಣುಪಾಗಿ, ಎಷ್ಟು ಚೆಂದ ಕಂಡರೂ ಆ ಮುಖ ಜಾರಲು ಕಾದೇ ಇರುತ್ತದೆ.

ಹಿಮದ ಬೆಟ್ಟದಲ್ಲಿ ಸ್ಕೀ ಮಾಡುವವರೂ ಋತುವಿನ ಮೊದಲಿಗೆ ನೋಡುವುದು ಇದನ್ನೇ: ಗಾಳಿ ಎಲ್ಲಿ ಹಿಮ ತಂದು ಪೇರಿಸಿದೆ, ಇಳಿಜಾರು 30ರಿಂದ 45 ಡಿಗ್ರಿಯೊಳಗಿದೆಯೇ. ಅವರ ಕಷ್ಟ ದೊಡ್ಡದು. ಮೊದಲು ಬಿದ್ದ ತೆಳು ಹಿಮ ಚಳಿಗೆ ಸಡಿಲ ಹರಳಾಗಿ ತಳದಲ್ಲಿ ಅಡಗಿರುತ್ತದೆ. ಮೇಲೆ ಬಿಗಿದುಕೊಂಡ ಪದರ ಒಬ್ಬರ ಭಾರಕ್ಕೆ ಇಡಿಯಾಗಿ ಕಳಚಬಹುದು. ಹಿಮಕುಸಿತವೆಂದರೆ ಏನೆಂದು ನಮ್ಮ ಹಳ್ಳಿಗಳಿಗೂ ತಿಳಿದದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನ ಹಿಮದಡಿಯಿಂದ ಜೀವಂತವಾಗಿ ಹೊರಬಂದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು.

ಒಣ ಮರಳಿಗೆ ಹಿಮದ ಹಾಗೆ ಬಿಗಿದುಕೊಳ್ಳುವ ಗುಣವಿಲ್ಲ. ಇಲ್ಲಿ ಜಾರುವುದು ಮೇಲ್ಮೈಯ ತೆಳು ಪದರವಷ್ಟೇ. ಆದರೂ ಗಾಡಿ ಮಗುಚಲು ಅಷ್ಟು ಸಾಕು. ಆದ್ದರಿಂದ ಗಾಡಿ ಬುಡದಲ್ಲೇ ನಿಲ್ಲಿಸಿ, ನೆತ್ತಿಗೆ ನಡೆದು ಹೋಗಿ. ಅಂಚು ಚೂಪಾಗಿದ್ದರೆ ಗಾಳಿ ಇತ್ತೀಚಿನದು, ಮರೆಯಲ್ಲಿ ಮರಳು ಹೊಸದು. ಕೈಯಿಂದ ಅಗೆದು ನೋಡಿ. ಚಳಿಗಾಲದ ಮಳೆಯ ನಂತರವಾದರೆ ಒಣ ಮರಳಿನ ಕೆಳಗೆ ತೇವ ಸಿಗುತ್ತದೆ, ಆ ನೀರೇ ಕಣಗಳನ್ನು ಹಿಡಿದಿಟ್ಟು ಚಕ್ರಕ್ಕೆ ಆಸರೆಯಾಗುತ್ತದೆ. ಮಳೆಗೆ ಮುಂಚೆ ಅಗೆದರೆ ಸಿಗುವುದು ಹೆಚ್ಚಾಗಿ ಒಣ ಮರಳೇ. ಟೈರಿನ ಗಾಳಿಯನ್ನು ಸುಮಾರು 15 ಪಿಎಸ್‌ಐಗೆ ಇಳಿಸದೆ ಅದರ ಮೇಲೆ ಹೋಗಲೇಬಾರದು.

ಮರೆಯ ಮಗ್ಗುಲನ್ನು ಅಡ್ಡ ಹಾಯಬೇಡಿ, ನೇರ ಕೆಳಕ್ಕೆ ಇಳಿಯಿರಿ. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ತಡೆಯಿರಿ. ಸ್ಟೀರಿಂಗನ್ನು ಇಳಿಜಾರಿನತ್ತಲೇ ತಿರುಗಿಸಿ, ಆಕ್ಸಿಲರೇಟರ್ ತುಸು ಒತ್ತಿದರೆ ಗಾಡಿ ನೆಟ್ಟಗಾಗುತ್ತದೆ.

ನಡುಮಧ್ಯಾಹ್ನ ಗುರುತಿಲ್ಲದ ದಿಬ್ಬ ಹತ್ತುವುದನ್ನು ನಾನು ಒಪ್ಪುವುದಿಲ್ಲ. ಆ ಹೊತ್ತಿನ ಬಿಸಿಲಿಗೆ ನೆರಳು ಕಿರಿದು; ನೆರಳು ಚಾಚದೆ ಇಳಿಜಾರು ಎಷ್ಟು ಕಡಿದೆಂದು ತಿಳಿಯದು. ಒಂಟಿ ಗಾಡಿಯಲ್ಲಂತೂ ಹೊರಡಲೇಬೇಡಿ. ಡಿಕ್ಕಿಯಲ್ಲಿ ಸಲಿಕೆ, ಹಗ್ಗ, ಬೇಕೆನಿಸಿದ್ದಕ್ಕಿಂತ ಹೆಚ್ಚು ನೀರು ಇರಲಿ.