ಹೊನ್ನಾವರದಲ್ಲಿ ಇಳಿದುಕೊಳ್ಳಿ

ಗೋಕರ್ಣ ನೋಡಿ ಮುರ್ಡೇಶ್ವರಕ್ಕೆ ಹೊರಟವರು ಹೊನ್ನಾವರವನ್ನು ಶರಾವತಿ ಸೇತುವೆಯ ಮೇಲಿಂದಲೇ ನೋಡಿ ಮುಗಿಸುತ್ತಾರೆ. ನಿವೃತ್ತಿಯಾದ ಮೇಲೆ ಕಡಲತಡಿಯ ಊರಲ್ಲಿ ನೆಲೆಸಬೇಕು ಎನ್ನುವವರು ಮೊದಲು ಇಲ್ಲಿ ಇಳಿದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಕಡಲಿಗಿಂತ ಹೆಚ್ಚಾಗಿ ಹೊಳೆಯ ಊರು, ಇದರ ಸೊಗಸೆಲ್ಲ ಅಲ್ಲೇ ಇದೆ.

ಘಟ್ಟದ ಬುಡದ ಗೇರುಸೊಪ್ಪೆಯಿಂದ ಕಾಳುಮೆಣಸು ಹೊಳೆಯಲ್ಲಿ ತೇಲಿ ಬಂದು ಇಲ್ಲಿ ಹಡಗು ಹತ್ತುತ್ತಿತ್ತು. ಆ ವ್ಯಾಪಾರವನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವಳಿಗೂ ಮೊದಲು, 14ನೇ ಶತಮಾನದಲ್ಲಿ, ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಬರೆದಿಟ್ಟಿದ್ದಾನೆ. ಕೋಟೆ ಕಾಳಗಗಳ ಕಥೆ ಎಲ್ಲ ಬಂದರಿಗೂ ಉಂಟು, ಹೊನ್ನಾವರಕ್ಕೂ ಉಂಟು. ನನಗೆ ಮಾತ್ರ ಈ ಶಾಲೆಗಳ ಲೆಕ್ಕವೇ ಊರಿನ ದೊಡ್ಡ ಆಸ್ತಿಯಾಗಿ ಕಾಣುತ್ತದೆ.

ಇಳಿತದ ಹೊತ್ತು ನೋಡಿಕೊಂಡು ಆಚೆ ದಡದ ಕಾಸರಕೋಡಿಗೆ ಹೋಗಿ, ಕಾಂಡ್ಲಾ ಕಾಡಿನ ನಡುವಿನ ಕಾಲುಹಾದಿಯಲ್ಲಿ ಸುಮ್ಮನೆ ನಿಲ್ಲಿ. ನೀರು ಸರಿದ ಕೆಸರಿನಲ್ಲಿ ಬೇರುಗಳು ಮೊಳೆಗಳ ಹಾಗೆ ಎದ್ದು ನಿಂತಿರುತ್ತವೆ. ಅಲುಗಾಡದೆ ನಿಂತರೆ ಒಂದೊಂದೇ ಬಿಲದಿಂದ ಬೆರಳಗಲದ ಏಡಿ ಹೊರಬಂದು, ತನ್ನ ಒಂದೇ ದೊಡ್ಡ ಕೊಂಬನ್ನು ಎತ್ತಿ ಇಳಿಸತೊಡಗುತ್ತದೆ. ಉಬ್ಬರ ಬಂದಾಗ ಇದೆಲ್ಲ ನೀರಿನಡಿ. ದಿನಕ್ಕೆರಡು ಸಲ ಹೀಗೆ ಬದಲಾಗುವ ಅಂಗಳ ಬರೀ ಬೀಚಿನ ಊರಿನಲ್ಲಿ ಸಿಗುವುದಿಲ್ಲ.

ಈಗಿನ ಶರಾವತಿ ಮಾತ್ರ ಹಳೆಯ ಶರಾವತಿಯಲ್ಲ. ಲಿಂಗನಮಕ್ಕಿ ಅಣೆಕಟ್ಟೆಯಾದ ಮೇಲೆ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿದುಬರುತ್ತದೆ. ದಡದ ತೋಟಗಳಿಗೆ ಒಳ್ಳೆಯದಾಯಿತು. ಅಳಿವೆಯ ಉಪ್ಪು ಕಡಿಮೆಯಾಗಿ ಬಳಚು ಎಂಬ ಚಿಪ್ಪುಜೀವಿಯ ಸಂತತಿ ಸೊರಗಿತು. ಅಣೆಕಟ್ಟೆಯಿಲ್ಲದ ಅಘನಾಶಿನಿಯಲ್ಲಿ, ಪಕ್ಕದ ಕುಮಟಾ ತಾಲ್ಲೂಕಿನಲ್ಲಿ, ಬಳಚು ಆಮೇಲೂ ಸಮೃದ್ಧವಾಗಿತ್ತು. ಹೊನ್ನಾವರಕ್ಕೆ ಇನ್ನೊಂದು ಆತಂಕವೂ ಇದೆ. ಕಾಸರಕೋಡು ಟೊಂಕದಲ್ಲಿ ಹೆಂಗಸರು ಮೀನು ಒಣಗಿಸುವ ಮರಳದಂಡೆಯ ಬಳಿಯೇ ಖಾಸಗಿ ಬಂದರು ಯೋಜನೆ ಬಂದಿದೆ, ಮೀನುಗಾರರು ವರ್ಷಗಳಿಂದ ಅದನ್ನು ವಿರೋಧಿಸುತ್ತಿದ್ದಾರೆ. ಆ ದಂಡೆ ಹೋದರೆ ಹೊನ್ನಾವರದ ಅರ್ಧ ಜೀವ ಹೋದಂತೆ ಎಂದೇ ನಾನು ನಂಬಿದ್ದೇನೆ.

ನೆಲೆಸಲು ಬರುವವರಿಗೆ ಒಂದು ಮಾತು: ಡಿಸೆಂಬರಿನ ತಂಪು ಗಾಳಿಗೆ ಮನಸೋತು ಜಾಗ ಕೊಳ್ಳಬೇಡಿ. ಮೊದಲು ಜೂನ್-ಜುಲೈಯಲ್ಲಿ ಬಾಡಿಗೆಗೆ ಇದ್ದು ನೋಡಿ. ಆಗ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೇಟೆಗೆ ಹೊಳೆಮೀನು ಬರುತ್ತದೆ, ಉಳಿದ ದಿನ ಒಣಮೀನಿನ ಸಾರು. ಬಟ್ಟೆ ಒಣಗುವುದಿಲ್ಲ, ಕರೆಂಟು ಕೈಕೊಡುತ್ತದೆ, ಗೇಟಿನ ಕಬ್ಬಿಣವನ್ನು ಉಪ್ಪುಗಾಳಿ ತಿನ್ನುತ್ತದೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದದ ಜಗಲಿ ಇರುವ ಹಳೆಯ ಮನೆ ಸಿಕ್ಕರೆ ಬಿಡಬೇಡಿ. ಈ ಮಳೆಗೆ ಅದಕ್ಕಿಂತ ಚೆನ್ನಾಗಿ ಒಗ್ಗುವ ಮನೆ ಇಲ್ಲ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಹೃದಯದ ತೊಂದರೆ ಇರುವವರು ಇದನ್ನು ಎಲ್ಲಕ್ಕಿಂತ ಮೊದಲು ಯೋಚಿಸಬೇಕು.

ಇಷ್ಟಾದ ಮೇಲೂ ನಾನು ಹೊನ್ನಾವರದ ಪರವೇ. ಸಂಜೆಗಳನ್ನು ಹೇಗೆ ಕಳೆಯುವುದೆಂಬ ಚಿಂತೆಯೇ ನಿವೃತ್ತರಿಗೆ ದೊಡ್ಡದು. ಇಲ್ಲಿ ಅದಕ್ಕೆ ಯಕ್ಷಗಾನವಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಈ ತಾಲ್ಲೂಕಿನದೇ. ಗುಣವಂತೆಯಲ್ಲಿ ಅವರ ಮನೆತನ ಇಂದಿಗೂ ಹೊಸಬರಿಗೆ ಹೆಜ್ಜೆ ಕಲಿಸುತ್ತಿದೆ. ಮಳೆ ನಿಂತ ಮೇಲೆ ಬಯಲಾಟ ಎಲ್ಲಿದೆಯೆಂದು ಪೇಟೆಯ ಯಾವ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಚಾಪೆಯೊಂದನ್ನು ಒಯ್ಯಿರಿ, ಸಾಧ್ಯವಾದರೆ ಭಾಗವತರ ಮುಖ ಕಾಣುವ ಕಡೆ ಕೂರಿ.