ದೂರದರ್ಶನದಲ್ಲಿ ರಂಗನಾಟಕ: ಒಂದು ವಿಮರ್ಶೆ

ನಾಟಕವು ದೃಶ್ಯಕಾವ್ಯವೆಂಬುದು ಸರ್ವಸಮ್ಮತವಾದ ಮಾತು. ರಂಗದ ಮೇಲಣ ಪ್ರಯೋಗವನ್ನು ಯಂತ್ರಮುಖದಿಂದ ಮನೆಮನೆಗೆ ತಲಪಿಸಿದಾಗ ಆ ದೃಶ್ಯತ್ವವು ಇದ್ದಂತೆಯೇ ಉಳಿಯುವುದೋ, ಬೇರೊಂದಾಗುವುದೋ ಎಂಬುದು ವಿಚಾರಣೀಯವಾಗಿದೆ. ದೆಹಲಿಯಲ್ಲಿ 1959ರಲ್ಲಿ ಮೊದಲಾದ ದೂರದರ್ಶನವು ಬೆಂಗಳೂರಿಗೆ 1981ರಲ್ಲಿ ಬಂದಿತು. ಅನಂತರದ ದಶಕಗಳಲ್ಲಿ ಕನ್ನಡ ರಂಗನಾಟಕಗಳು ಅದರ ಮೂಲಕ ಪ್ರಸಾರಗೊಂಡವು. ಅಂತಹ ಮುದ್ರಿಕೆಯೊಂದನ್ನು ನೋಡಿ ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸಬಹುದೆ ಎಂಬ ಪ್ರಶ್ನೆಯು ಅಧ್ಯಾಪಕರಿಗೆ ಮುಖ್ಯವಾದುದು.

ಇದನ್ನು ಪರೀಕ್ಷಿಸಲು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯು ತಕ್ಕ ನಿಕಷ. 1884ರಲ್ಲಿ ನಾಟಕ ಮಂಡಳಿಯು ಹುಟ್ಟಿದ ಗುಬ್ಬಿಯು ಇದರ ನೆರೆಯ ತಾಲ್ಲೂಕು. ಇಲ್ಲಿಯ ಹಳ್ಳಿಗಳಲ್ಲಿ ತೋಟದ ರೈತರೇ ವೇಷ ಧರಿಸಿ, ಹಾರ್ಮೋನಿಯಂ ಮೇಷ್ಟರಿಂದ ಕಲಿತು, 'ಕುರುಕ್ಷೇತ್ರ'ವನ್ನು ರಾತ್ರಿಯೆಲ್ಲ ಆಡುವ ಪದ್ಧತಿಯುಂಟು.

ಪ್ರಸಾರದ ಪರವಾಗಿ ಹೇಳತಕ್ಕ ಮಾತು ಅಲ್ಪವಲ್ಲ. ಭರತಮುನಿಯು ಮನುಷ್ಯರ ನಾಟ್ಯಮಂಟಪಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲವೆಂದು ಮಿತಿಯನ್ನು ವಿಧಿಸಿದನು. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುವುದು, ಮುಖಭಾವವು ಕಾಣದೆ ಹೋಗುವುದು ಎಂಬುದೇ ಕಾರಣ. ಊರಬಯಲಿನ ಕಡೆಯ ಸಾಲಿನಲ್ಲಿ ಕುಳಿತವನಿಗೆ ದುರ್ಯೋಧನನ ಕಣ್ಣು ಕಾಣದು. ದೂರದರ್ಶನವು ಅದನ್ನು ಮೊಳದ ದೂರಕ್ಕೆ ತಂದುಕೊಡುತ್ತದೆ. ಆದುದರಿಂದ ಮುನಿಯ ಆಶಯವನ್ನು ಯಂತ್ರವೇ ನೆರವೇರಿಸಿತೆಂದು ಪೂರ್ವಪಕ್ಷಿಯು ವಾದಿಸಬಹುದು.

ಈ ವಾದವು ಅರ್ಧಸತ್ಯ. ಅದೇ ಭರತನು ಸಿದ್ಧಿಯನ್ನು ಹೇಳುವ ಅಧ್ಯಾಯದಲ್ಲಿ ಪ್ರಯೋಗದ ಸಾಫಲ್ಯವನ್ನು ಪ್ರೇಕ್ಷಕರಲ್ಲಿ ಕಾಣುತ್ತಾನೆ. ಮುಗುಳುನಗೆ, ಸಾಧುವಾದ, ರೋಮಾಂಚ, ವಸ್ತ್ರ ಮತ್ತು ಉಂಗುರಗಳ ದಾನ, ಇವೇ ಮಾನುಷೀ ಸಿದ್ಧಿಯ ಲಕ್ಷಣಗಳು. ತೆಂಗಿನ ಸೀಮೆಯಲ್ಲಿ ಇವು ಗ್ರಂಥದಲ್ಲಷ್ಟೇ ಉಳಿದಿಲ್ಲ. ಹಾಡೊಂದು ಮುಗಿದಾಗ 'ವನ್ಸ್ ಮೋರ್' ಎಂದು ಸಭೆಯು ಕೂಗುತ್ತದೆ; ಬಂಧುಗಳು ರಂಗವನ್ನೇರಿ ನಟನಿಗೆ ನೋಟನ್ನು ಚುಚ್ಚುತ್ತಾರೆ; ನಟನು ಆ ಉತ್ಸಾಹವನ್ನರಿತು ಆಲಾಪವನ್ನು ಬೆಳೆಸುತ್ತಾನೆ. ಪ್ರಸಾರಕ್ಕೆ ಗೊತ್ತುಮಾಡಿದ ಅವಧಿಯಿರುವುದರಿಂದ ಮೊದಲು ಕತ್ತರಿಗೆ ಸಿಕ್ಕುವುದು ಈ ಭಾಗವೇ. ಯಾವುದು ಸಿದ್ಧಿಯ ಪ್ರಮಾಣವೋ ಅದೇ ಅನಾವಶ್ಯಕವೆಂದು ಬಿಟ್ಟುಹೋಗುತ್ತದೆ.

ಎರಡನೆಯದಾಗಿ, ಕೃಷ್ಣಸಂಧಾನದ ಸಭೆಯಲ್ಲಿ ಕೃಷ್ಣನು ಮಾತನಾಡುತ್ತಿರುವಾಗಲೇ ಕರ್ಣನ ಮೌನವೂ ಶಕುನಿಯ ನಗೆಯೂ ರಂಗದ ಮೇಲಿರುತ್ತವೆ. ಯಾವುದನ್ನು ನೋಡಬೇಕೆಂಬ ಸ್ವಾತಂತ್ರ್ಯ ಪ್ರೇಕ್ಷಕನದು. ಕ್ಯಾಮೆರಾ ಒಂದನ್ನು ಆರಿಸಿ ಉಳಿದವನ್ನು ಮರೆಮಾಡುತ್ತದೆ. ಮೂರನೆಯದಾಗಿ, ದೂರದ ಕಣ್ಣಿಗೆಂದು ಬಳಿದ ಬಣ್ಣ, ದೂರದ ಕಿವಿಗೆಂದು ಎತ್ತಿದ ಧ್ವನಿ, ಇವು ಹತ್ತಿರದಲ್ಲಿ ಅತಿರೇಕವಾಗಿ ತೋರುತ್ತವೆ. ಅದನ್ನು ನಟನ ದೋಷವೆನ್ನುವುದು ಅನ್ಯಾಯ. ನೋಡುವವನನ್ನು ಅಸ್ಥಾನದಲ್ಲಿ ಕೂರಿಸಿದ ದೋಷವದು.

ಹೀಗೆಂದು ಮುದ್ರಿಕೆಯನ್ನು ತಿರಸ್ಕರಿಸುವುದೂ ಸಲ್ಲದು. ತಿಪಟೂರಿನವರಾದ ನರಸಿಂಹರಾಜು ಅವರು ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ಚಲಚ್ಚಿತ್ರದಲ್ಲಿ ಪ್ರಖ್ಯಾತರಾದರು. ಅವರು ತೀರಿಕೊಂಡದ್ದು 1979ರಲ್ಲಿ, ಬೆಂಗಳೂರಿಗೆ ದೂರದರ್ಶನವು ಬರುವ ಮುನ್ನ. ಅವರ ಹಾಸ್ಯವು ಇಂದು ಚಿತ್ರಗಳಲ್ಲಿ ದೊರೆಯುತ್ತದೆ. ಸಭೆಯ ನಗೆಗಾಗಿ ಕಾದು ಮುಂದಿನ ಮಾತನ್ನಾಡುವ ರಂಗನಟನ ಕಾಲಜ್ಞಾನವನ್ನು ಆ ಚಿತ್ರಗಳಿಂದ ಅರಿಯುವುದು ಕಷ್ಟ. ಅಪೂರ್ಣವಾದ ರಂಗಮುದ್ರಿಕೆಯೊಂದಿದ್ದರೂ ವಿಮರ್ಶಕನಿಗೆ ಅದು ನಿಧಿಯಾಗುತ್ತಿತ್ತು.

ಆದುದರಿಂದ ನಿರ್ಣಯವಿಷ್ಟು: ದೂರದರ್ಶನದ ಮುದ್ರಿಕೆಯು ನಾಟಕಕ್ಕೆ ಸಾಕ್ಷಿಯೇ ಹೊರತು ನಾಟಕವಲ್ಲ. ಮುದ್ರಿಸುವವರು ಸಭೆಯನ್ನೂ ಚಿತ್ರಿಸಿ, 'ವನ್ಸ್ ಮೋರ್' ಅನ್ನು ಕತ್ತರಿಸದೆ, ಇಡೀ ರಂಗವು ಕಾಣುವಂತೆ ಒಂದು ಕ್ಯಾಮೆರಾವನ್ನು ಆದ್ಯಂತ ನಿಲ್ಲಿಸಿದರೆ ಆ ಸಾಕ್ಷಿಯು ವಿಶ್ವಾಸಾರ್ಹವಾದೀತು. ಬೋಧಿಸುವವರು ಮುದ್ರಿಕೆಯನ್ನು ತೋರಿಸುವ ಮುನ್ನ ಶಿಷ್ಯರನ್ನು ಒಂದು ರಾತ್ರಿಯಾದರೂ ಹಳ್ಳಿಯ ರಂಗದ ಮುಂದೆ ಕೂರಿಸುವುದು ಯುಕ್ತ.