ಪ್ರಿಂಟ್ ಉಳಿಯದ ಚಿತ್ರವನ್ನು ಸವಿಯುವ ಬಗೆ

ಬೆಳಗಾವಿಯ ಖಾಸಬಾಗದ ಪಾವರ್‌ಲೂಮ್ ಓಣಿಗಳಲ್ಲಿ ಬೆಳೆದವರಿಗೆ ಮೂಕಿಚಿತ್ರ ನೋಡುವುದನ್ನು ಹೆಚ್ಚು ಕಲಿಸಬೇಕಾಗಿಲ್ಲ. ಮಗ್ಗದ ಸಪ್ಪಳದಲ್ಲಿ ಮಾತು ಕೇಳಿಸದು. ಎಳೆ ಹರಿದದ್ದನ್ನು ಹುಬ್ಬಿನಲ್ಲೇ ಹೇಳುತ್ತಾರೆ, ಚಹಾ ಬಂದದ್ದನ್ನು ಕೈಯಲ್ಲೇ. ಕಷ್ಟವಿರುವುದು ಪ್ರಿಂಟೇ ಉಳಿಯದ ಮೂಕಿಚಿತ್ರವನ್ನು ಸವಿಯುವುದರಲ್ಲಿ.

ಮೋಹನ್ ಭವನಾನಿಯವರ ‘ವಸಂತಸೇನಾ’ದಿಂದ ಶುರು ಮಾಡಿ. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ 1930ರ ಆಸುಪಾಸಿನಲ್ಲಿ ತಯಾರಾದ ಚಿತ್ರವದು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ನಟಿಸಿದ್ದರು. ಮಾತಿನಿಂದಲೇ ನಾಡನ್ನು ಗೆದ್ದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ! ಅದೊಂದಕ್ಕಾಗಿಯಾದರೂ ಆ ರೀಲುಗಳು ಸಿಗಬೇಕಿತ್ತು ಅನ್ನಿಸುತ್ತದೆ.

ಮೊದಲು ನಾಟಕದ ಹತ್ತೂ ಅಂಕ ಓದಿ, ಕ್ಯಾಮೆರಾದ ಕಣ್ಣಿನಿಂದ. ಮೊದಲ ಅಂಕದ ಕತ್ತಲಲ್ಲಿ ರಾಜನ ಮೈದುನ ಶಕಾರ ಗಣಿಕೆ ವಸಂತಸೇನೆಯನ್ನು ಬೆನ್ನಟ್ಟುತ್ತಾನೆ. ಹೂವಿನ ಪರಿಮಳ, ಕಾಲಂದುಗೆಯ ಸಪ್ಪಳ ಅವಳನ್ನು ಹಿಡಿದುಕೊಡುವಂತಿವೆ. ಮೂಕಿಚಿತ್ರಕ್ಕೆ ಪರಿಮಳವೂ ಇಲ್ಲ, ಸಪ್ಪಳವೂ ಇಲ್ಲ. ಪೂರ್ತಿ ಕತ್ತಲಾದರೆ ತೆರೆಯ ಮೇಲೆ ಏನೂ ಕಾಣದು. ನನ್ನ ಪ್ರಕಾರ ಅಲ್ಲಿ ಉಳಿಯುವುದು ಹೂಮಾಲೆಯನ್ನೂ ಅಂದುಗೆಯನ್ನೂ ಅವಸರದಲ್ಲಿ ಕಳಚುವ ಅವಳ ಬೆರಳುಗಳು. ಮೂರನೆಯ ಅಂಕದ ಕಳ್ಳ ಶರ್ವಿಲಕ ಗೋಡೆಗೆ ಕನ್ನ ಕೊರೆಯುವಾಗ ದಾರ ಮರೆತು ಜನಿವಾರದಿಂದಲೇ ಅಳತೆ ತೆಗೆಯುತ್ತಾನೆ. ಅದಕ್ಕೆ ಮಾತೇ ಬೇಡ.

ಆಮೇಲೆ ಸ್ಥಿರಚಿತ್ರ, ಜಾಹೀರಾತು, ನಟರ ನೆನಪುಗಳನ್ನು ಹುಡುಕಿ. ಪುರಾವೆ ಯಾವುದು, ನಿಮ್ಮ ಊಹೆ ಯಾವುದು ಎಂಬುದು ಕಲಸಿಹೋಗದಿರಲಿ. 1941ರ ಟಾಕಿ ‘ವಸಂತಸೇನಾ’ದಲ್ಲಿ ಆರ್. ನಾಗೇಂದ್ರರಾಯರ ಶಕಾರ ಹೆಸರಾಯಿತು. ಇದೇ ನಾಟಕವನ್ನು ಆಧರಿಸಿದ ಗಿರೀಶ ಕಾರ್ನಾಡರ ‘ಉತ್ಸವ್’ 1984ರದು. ಅವನ್ನು ಬೇರೆಯಾಗಿಯೇ ಸವಿಯಿರಿ, ಆ ಮುಖಗಳನ್ನು ಇಲ್ಲಿಗೆ ತರಬೇಡಿ.

ಜಪಾನಿನಲ್ಲೂ ಇಂಥ ನಷ್ಟ ದೊಡ್ಡದು. ನಿರ್ದೇಶಕ ಮಿಝೊಗುಚಿ 1923ರಲ್ಲಿ ಯೂಜೀನ್ ಓನೀಲರ ನಾಟಕ ‘ಅನ್ನಾ ಕ್ರಿಸ್ಟಿ’ಯನ್ನು ‘ಕಿರಿ ನೊ ಮಿನಾತೊ’ ಆಗಿಸಿದರು. ಅದೂ ಇಂದು ಇಲ್ಲ. ಅಲ್ಲಿ ತೆರೆಯ ಪಕ್ಕ ನಿಂತು ಕತೆ ಹೇಳುತ್ತಿದ್ದ ‘ಬೆನ್ಶಿ’ ಬದಲಾದರೆ ಚಿತ್ರದ ರಸವೇ ಬದಲಾಗುತ್ತಿತ್ತು. ರೀಲು ಸಿಕ್ಕರೂ ಆ ದನಿ ಸಿಗದು. ಹಾಗಾಗಿ ನಮ್ಮಲ್ಲಿನ ಅಂದಿನ ಥಿಯೇಟರಿನ ಒಳಗನ್ನೂ ಕಲ್ಪಿಸಿಕೊಳ್ಳಿ: ಹಾರ್ಮೋನಿಯಂ, ತಬಲಾ, ಓದಲು ಬಾರದವರಿಗಾಗಿ ತೆರೆಯ ಮೇಲಿನ ಅಕ್ಷರಪಟ್ಟಿಯನ್ನು ಗಟ್ಟಿಯಾಗಿ ಓದುವವನು.

ಇದು ಕೈಗೆ ಹತ್ತಿದ ಮೇಲೆ ಪಕ್ಕದ ಕೊಲ್ಹಾಪುರದ ಬಾಬುರಾವ್ ಪೇಂಟರರ ‘ಸಾವಕಾರಿ ಪಾಶ’ಕ್ಕೆ (1925) ಬನ್ನಿ. ಸಾಲಕ್ಕೆ ಹೊಲ ಕಳೆದುಕೊಂಡು ನಗರದ ಗಿರಣಿ ಸೇರುವ ರೈತನ ಕತೆ, ರೈತನಾಗಿ ವಿ. ಶಾಂತಾರಾಮ್. ನಾರಾಯಣ ಹರಿ ಆಪಟೆಯವರ ಮೂಲಕತೆಯನ್ನು ಮೊದಲು ಓದಿ. 1936ರಲ್ಲಿ ಪೇಂಟರರೇ ಮತ್ತೆ ತೆಗೆದ ಟಾಕಿಯ ಸುದ್ದಿ ಕಡೆಗಿರಲಿ.